ವೀರೇಶ ಬಿಟ್ಟ ಮಿಸಳ್

ವೀರೇಶ, ನಿಮ್ಮ ಬಾಯಿಹುಣ್ಣಿಗೆ ಹೋಟೆಲಿನ ಆ ಖಾರದ ಮಿಸಳ್ ಕಾರಣವೆಂದು ಹೇಳಿದವಳು ನಾನು. ಕಾರಣ ನಮ್ಮ ಅಡುಗೆಮನೆಯಲ್ಲೇ ಇರಬಹುದೆಂಬ ಅನುಮಾನವಿದ್ದೂ ಹೇಳಿದೆ.

ಅಪ್ಪ ತೀರಿಕೊಂಡ ಮೇಲೆ ಅವ್ವ ಈ ಮರಾಠಿ ಸೀಮೆಯ ಖಡಕಿಯಲ್ಲಿ ನಡೆಸುತ್ತಿದ್ದ ಖಾನಾವಳಿ ನಿಮಗೆ ನೆನಪಿರಬೇಕು. ತೊಂಬತ್ತರ ದಶಕದ ನಡುವಿನ ಮಾತು. ವಿಶ್ವವಿದ್ಯಾಲಯದ ಹುಡುಗರು ಸೈಕಲ್‌ಗಳನ್ನು ಗೋಡೆಗೆ ಒರಗಿಸಿ ನಮ್ಮ ಹೊರಕೋಣೆಯಲ್ಲಿ ಸಾಲಾಗಿ ಕೂತು ಉಣ್ಣುತ್ತಿದ್ದರು. ನೀವು ಗದಗಿನಿಂದ ಎಂ.ಎಸ್ಸಿ. ಓದಲು ಬಂದವರು. ನಾನು ಕಾಲೇಜಿನಲ್ಲಿ ಆಹಾರ ವಿಜ್ಞಾನ ಓದುತ್ತಿದ್ದೆ, ಅದಕ್ಕೇ ನಿಮ್ಮ ಬಾಯಲ್ಲಿ ‘ಡಾಕ್ಟರಬಾಯಾರ’ ಆಗಿದ್ದೆ.

ನಮ್ಮ ಬೋರಿನ ಗಡಸು ನೀರಿನಲ್ಲಿ ತೊಗರಿಬೇಳೆ ಬೇಯುತ್ತಲೇ ಇರಲಿಲ್ಲ. ಅವ್ವ ಚಿಟಿಕೆ ಅಡುಗೆ ಸೋಡಾ ಹಾಕುತ್ತಿದ್ದಳು. ಚಿಟಿಕೆಯೋ, ಚಮಚವೋ — ನನ್ನ ನೆನಪಿನಲ್ಲಿ ಅವಳು ನಮಗೆ ಬೆನ್ನು ಮಾಡಿ, ಗುಟ್ಟಾಗಿ ಹಾಕುತ್ತಾಳೆ. ಗುಟ್ಟಾಗಿ ಎಂಬುದು ಸುಳ್ಳು. ಆ ಒಲೆ ಗೋಡೆಗೆ ಅಂಟಿಕೊಂಡೇ ಇತ್ತು, ಬೇರೆ ಕಡೆ ಮುಖ ಮಾಡಲು ಜಾಗವೇ ಇರಲಿಲ್ಲ. ಅವಳನ್ನು ಕಳ್ಳಿ ಮಾಡಿ ನನ್ನನ್ನು ಉಳಿಸಲು ನೆನಪು ಹೂಡಿದ ಆಟವಿದು. ತನ್ನ ಅತ್ತೆಯಿಂದ ಕಲಿತದ್ದನ್ನು ಅವಳು ಮಾಡುತ್ತಿದ್ದಳು, ಅಷ್ಟೆ. ಸೋಡಾ ಹಾಕಿ ಬೇಯಿಸಿದರೆ ಬೇಳೆಯ ‘ಬಿ’ ಜೀವಸತ್ವ ಹಾಳಾಗುತ್ತದೆ, ಅದು ಸಾಲದಾದರೆ ಕಟವಾಯಿ ಒಡೆಯುತ್ತದೆ, ನಾಲಿಗೆ ಉರಿಯುತ್ತದೆ ಎಂದು ಕಲಿತವಳು ನಾನು.

ಆ ಚಳಿಗಾಲದಲ್ಲಿ ನಿಮ್ಮ ಕಟವಾಯಿ ಒಡೆಯಿತು.

“ಡಾಕ್ಟರಬಾಯಾರ, ನಗಾಕೂ ಬರವಲ್ದ್ರಿ. ಏನರ ಔಷಧ ಹೇಳ್ರಿ,” ಎಂದಿರಿ. ಪಕ್ಕದವನು ಬಿಡಲಿಲ್ಲ. “ಇವಗ ಏನೂ ಹೇಳಬ್ಯಾಡ್ರಿ ಬಾಯಾರ, ಸುಮ್ ಕುಂತಾನಂತ ನಾವು ಆರಾಮ ಅದೀವಿ.”

ಎಲ್ಲರೂ ನಕ್ಕರು. ನಾನು ನಿಮ್ಮ ತಟ್ಟೆ ನೋಡಿದೆ. ಅವ್ವ ಬೇಳೆಯ ಪಾತ್ರೆ ಹಿಡಿದು ನಿಂತಿದ್ದಳು. ‘ಇಲ್ಲಿ ಸೋಡಾ ಹಾಕ್ತಾರ’ ಎಂಬ ಮಾತು ಒಬ್ಬನ ಬಾಯಿಗೆ ಬಿದ್ದರೂ ಸಾಲು ಖಾಲಿಯಾಗುತ್ತಿತ್ತು, ನಮ್ಮ ಒಲೆ ಆರುತ್ತಿತ್ತು. ಅಥವಾ ಇಷ್ಟೆಲ್ಲ ಆಗ ಯೋಚಿಸಿಯೇ ಇರಲಿಲ್ಲವೋ ಏನೋ. ಮಾತು ಮಾತ್ರ ತಡವರಿಸದೆ ಬಂತು.

“ಮಿಸಳ್ ಬಿಡ್ರಿ. ಹೊರಗಿಂದು ತಿಂದು ಹಿಂಗಾಗೇದ. ನಮ್ಮ ಬ್ಯಾಳಿ ಹೆಚ್ಚಿಗಿ ಉಣ್ರಿ.”

ನೀವು ಬಿಟ್ಟಿರಿ. ರವಿವಾರ ಬೆಳಿಗ್ಗೆ ಗೆಳೆಯರ ಜೊತೆ ಹೋಗಿ, ಮೂಗು ಬೆವರುವಂತೆ ತಿಂದು ಬರುತ್ತಿದ್ದ ಮಿಸಳ್ ಅದು — ಆ ದೂರದ ಊರಿನಲ್ಲಿ ನಿಮಗಿದ್ದ ಒಂದೇ ಖುಷಿ ಎಂದು ನೀವೇ ಹೇಳಿದ್ದಿರಿ. ಅದರ ತಳದಲ್ಲಿರುವುದು ಮೊಳಕೆ ಬಂದ ಮಡಕೆ ಕಾಳು. ಮೊಳಕೆ ಕಾಳಿನಲ್ಲಿ ಅದೇ ‘ಬಿ’ ಜೀವಸತ್ವ ಹೇರಳ ಎಂದೂ ನಾನು ಓದಿದ್ದೆ. ಮದ್ದಾಗಬಹುದಾಗಿದ್ದುದನ್ನು ನಿಮ್ಮ ಕೈಯಿಂದ ಬಿಡಿಸಿದೆ.

“ತಮ್ಮಾ, ಇನ್ನೊಂದು ಸೌಟು ಹಾಕಲೇನು? ಬಾಯಿ ಮಾಯಲಿ,” ಎಂದು ಅವ್ವ ಬಡಿಸುತ್ತಿದ್ದಳು. ಎಷ್ಟು ಅಕ್ಕರೆಯಿಂದ — ಬೇಡವೆನ್ನದೆ ನೀವೂ ಉಣ್ಣುತ್ತಿದ್ದಿರಿ, ಖಾರ ತಾಕಿದಾಗ ಕಣ್ಣು ಮುಚ್ಚಿಕೊಂಡು.

ಆ ವರ್ಷ ಕಾಲೇಜಿನಲ್ಲಿ ವಿಶ್ವವಿದ್ಯಾಲಯದ ಹುಡುಗರ ಊಟದ ಚಟಗಳ ಬಗ್ಗೆ ಮಾತಾಡಿದೆ. ಹೆಸರು ಹೇಳದೆ ನಿಮ್ಮ ಬಾಯಿಹುಣ್ಣನ್ನು ಉದಾಹರಣೆ ಕೊಟ್ಟೆ, ಹುಡುಗರಿಗೆ ಪೌಷ್ಟಿಕ ಆಹಾರದ ತಿಳಿವಳಿಕೆ ಇಲ್ಲವೆಂದೆ. ಚಪ್ಪಾಳೆ ಬಿತ್ತು.

ನೀವು ಓದು ಮುಗಿಸಿ ಹೋದ ಮೇಲೆ ಒಂದು ದಿನ, “ಅವ್ವಾ, ಬ್ಯಾಳಿ ರಾತ್ರಿನೇ ನೆನಸಿಡೂಣ, ಸೀಮೆಎಣ್ಣಿ ಉಳಿತದ,” ಎಂದೆ. “ಆತು ತಗೋ,” ಎಂದಳು. ಅಷ್ಟೇ. ನೆನೆದ ಬೇಳೆ ಸೋಡಾ ಇಲ್ಲದೆಯೇ ಬೆಂದಿತು, ಸೋಡಾದ ಡಬ್ಬಿ ಮೂಲೆ ಸೇರಿತು. ಅಷ್ಟು ಸುಲಭವಿತ್ತು, ವೀರೇಶ. ನಿಮ್ಮ ಹುಣ್ಣು ಸೋಡಾದಿಂದಲೇ ಎಂದು ಇಂದೂ ಆಣೆ ಮಾಡಲಾರೆ. ಆದರೆ ಆ ಮಾತನ್ನು ನೀವಿದ್ದಾಗ ಆಡಲಿಲ್ಲ.

ಮೊನ್ನೆ, ಇಷ್ಟು ವರ್ಷಗಳ ಮೇಲೆ, ಇದೇ ಊರಿನ ಡೆಕ್ಕನ್ ಬಡಾವಣೆಯ ಹೋಟೆಲಿನಲ್ಲಿ ಸಿಕ್ಕಿರಿ. ನಿಮ್ಮ ಮಗಳು ಮಿಸಳ್ ತಿಂದು ಮೂಗು ಒರೆಸಿಕೊಳ್ಳುತ್ತಿದ್ದಳು. ನಿಮ್ಮ ಮುಂದೆ ಬರೀ ಇಡ್ಲಿ.

“ಅಪ್ಪಾ, ನೀ ಯಾಕ ತಿನ್ನಂಗಿಲ್ಲ?”

“ನನ್ನ ಬಾಯಿ ಭಾಳ ನಾಜೂಕ್ ಅದ ಪುಟ್ಟಿ. ಈ ಡಾಕ್ಟರಬಾಯಾರ ಅವಾಗೇ ಬಿಡಸ್ಯಾರ. ಇವರಿಂದ ಪಾರಾದೆ ನೋಡು.”

ನೀವು ಕೈಮುಗಿದಿರಿ. ನಾನು ನಕ್ಕೆ. ಮನೆಗೆ ಬಂದು ನೀವು ಸಿಕ್ಕ ಸುದ್ದಿ ಹೇಳಿದೆ. ಅವ್ವ, “ಆ ಗದಗಿನ ಹುಡುಗ ನನ್ನ ಬ್ಯಾಳಿ ಎಷ್ಟ್ ಪ್ರೀತಿಲೆ ಉಣ್ತಿದ್ದ,” ಎಂದಳು. ಅವಳಿಗೂ ಹೇಳಲಿಲ್ಲ. ಮೊದಲು ನಿಮಗೆ ಹೇಳಬೇಕು.

ನಿಮ್ಮ ಬಾಯಿ ನಾಜೂಕಲ್ಲ, ವೀರೇಶ. ಹಾಗೆಂದು ನಿಮ್ಮನ್ನು ನಂಬಿಸಿದವಳು ನಾನು. ಈ ರವಿವಾರ ಮಗಳ ತಟ್ಟೆಯಿಂದ ಒಂದು ತುತ್ತು ತೆಗೆದುಕೊಳ್ಳಿ.