ಭಟ್ಟರ ಬೆನ್ನಿನ ಮೇಲೆ ಆರು ವೃತ್ತ

ನನ್ನ ಬೆನ್ನನ್ನು ನಾನು ಕಂಡವನಲ್ಲ, ಊರವರೆಲ್ಲ ಕಂಡಿದ್ದಾರೆ. ಕುದ್ರೋಳಿ ಕಡೆಯ ಒಂದು ಚಿಕ್ಕ ಗುಡಿಯಲ್ಲಿ ಮೂವತ್ತು ವರ್ಷದಿಂದ ನಾನು ಅರ್ಚಕ. ದೇವರಿಗೆ ಮುಖ, ಭಕ್ತರಿಗೆ ಬೆನ್ನು, ಅದೂ ಬರಿಮೈ. ಈ ಬೆನ್ನು ಸಾರ್ವಜನಿಕ ಆಸ್ತಿ ಎಂದು ನನಗೆ ಗೊತ್ತಾದದ್ದು ಅದರ ಮೇಲೆ ಆರು ಕೆಂಪು ವೃತ್ತಗಳು ಮೂಡಿದ ಮೇಲೆ.

ಬಲಭುಜ ಸೆಟೆದುಕೊಂಡಿತ್ತು, ಕೈ ಎದೆಯಿಂದ ಮೇಲೆ ಏಳದು. ಹಿತ್ತಾಳೆಯ ದೊಡ್ಡ ಆರತಿ ಎತ್ತಿ ಎತ್ತಿ ಸವೆದಿರಬೇಕು ಎಂದು ನಾನು. ಸ್ಕೂಟರಿನಿಂದ ಬಿದ್ದದ್ದನ್ನು ಮುಚ್ಚಿಡಬೇಡಿ ಎಂದು ಹೆಂಡತಿ. ಅಂತೂ ಅತ್ತಾವರದ ಒಂದು ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಹೋದೆ. ಅಲ್ಲಿಯ ಫಿಸಿಯೋ ಶಬಾನ ಬೆನ್ನಿಗೆ ಎಣ್ಣೆ ಸವರಿ, ಆರು ಪ್ಲಾಸ್ಟಿಕ್ ಬಟ್ಟಲುಗಳನ್ನು ಕವುಚಿ, ಸಣ್ಣ ಪಂಪಿನಿಂದ ಗಾಳಿ ಎಳೆದಳು. ಚರ್ಮ ಉಬ್ಬಿ ಬಟ್ಟಲೊಳಗೆ ಏರಿತು.

"ಹೆದರ್ಬೇಡಿ ಭಟ್ರೇ, ಇದು ಡ್ರೈ ಕಪ್ಪಿಂಗ್. ರಕ್ತಗಿಕ್ತ ತೆಗಿಯುದಿಲ್ಲ."

ಹೆದರಿಕೆ ಎಂತದ್ದು! ಚಿಕ್ಕಂದಿನಲ್ಲಿ ಹೊಟ್ಟೆನೋವೆಂದರೆ ಅಜ್ಜಿ ಹೊಕ್ಕುಳ ಮೇಲೆ ನಾಣ್ಯವಿಟ್ಟು, ಅದರ ಮೇಲೆ ಬತ್ತಿ ಹಚ್ಚಿ, ಚೊಂಬು ಕವುಚುತ್ತಿದ್ದಳು. ಚೊಂಬು ಹೊಟ್ಟೆಗೆ ಕಚ್ಚಿ ಹಿಡಿಯುತ್ತಿತ್ತು. ನನ್ನದು ಶಾಲೆ ತಪ್ಪಿಸುವ ಹೊಟ್ಟೆನೋವು. ಎರಡನೇ ಸಲದಿಂದ ಚೊಂಬು ಕಂಡೊಡನೆ ವಾಸಿ. ಈಗಿನದು ನಿಜದ ನೋವು, ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಶಬಾನಳೂ ಅದನ್ನೇ ಹೇಳಿದಳು: "ಬರೀ ಕಪ್ಪಿಂಗಿನಿಂದ ಆಗ್ಲಿಕ್ಕಿಲ್ಲ. ದಿನಾ ಗೋಡೆ ಮೇಲೆ ಬೆರಳು ಹತ್ತಿಸ್ಬೇಕು." ಅಡುಗೆಮನೆಯ ಗೋಡೆಯಲ್ಲಿ ಆರತಿಯ ಎತ್ತರಕ್ಕೆ ಪೆನ್ಸಿಲ್ ಗೆರೆ ಎಳೆದೆ. ಬೆರಳುಗಳು ಏಡಿಯ ಹಾಗೆ ಹತ್ತುತ್ತವೆ, ಗೆರೆಗಿಂತ ಒಂದು ಗೇಣು ಕೆಳಗೆ ನಿಂತುಬಿಡುತ್ತವೆ.

ಮೂರು ತಿಂಗಳಿಂದ ಆರತಿ ನನ್ನ ತಮ್ಮನದು. ನಾನು ಹೊರಗೆ, ಭಕ್ತರ ಸಾಲಿನಲ್ಲಿ. ಒಂದು ಮೊಳ ದೂರದಿಂದ ಕಾಣುತ್ತಿದ್ದ ದೇವರು ಈಗ ತಮ್ಮನ ಭುಜದ ಸಂದಿನಿಂದ ಚೂರುಪಾರು ಕಾಣುತ್ತಾನೆ. ಗಂಟೆ ಕೇಳಿದ ಕೂಡಲೇ ಬಲಗೈ ತಾನಾಗಿ ಏಳಲು ಹೋಗಿ ನೋಯುತ್ತದೆ. ಒಳಗೆ ಹೋಗಿ ನಿಲ್ಲಬೇಕು, ಒಂದೇ ಒಂದು ಸಲ, ಅನಿಸುತ್ತದೆ. ದೇವರ ಎದುರು ಕೈಮುಗಿದು ನಿಂತು, ತಮ್ಮನ ಕೈ ಸ್ವಲ್ಪ ಸೋಲಲಿ ಎಂದು ಬೇಡಿಕೊಂಡ ಅರ್ಚಕ ನಾನೊಬ್ಬನೇ ಇರಬೇಕು.

ಮೊನ್ನೆ ಆರತಿ ಮುಗಿದು ತೀರ್ಥ ತೆಗೆದುಕೊಂಡು ಹೊರಟಿದ್ದೆ. ದಿನಾ ಸಂಜೆ ಕಂಬದ ಬಳಿ ನಿಲ್ಲುವ ಗುಲಾಬಿಯಕ್ಕ ಹಿಂದಿನಿಂದ ಕರೆದರು.

"ಎಂತ ಭಟ್ರೇ ಇದು? ಬೆನ್ನಲ್ಲಿ ದೋಸೆ ಹೊಯ್ದ ಹಾಗೆ ಉಂಟಲ್ಲ!"

ನಾಚಿಕೆಯಾಗಿ ಶಾಲು ಎಳೆದುಕೊಂಡೆ. ಚಿಕಿತ್ಸೆಯ ಕತೆ ಹೇಳಿದೆ. ಅವರು ನಗಲಿಲ್ಲ.

"ಮುಚ್ಚಬೇಡಿ. ನಿಮ್ಮ ತಮ್ಮ ಭಟ್ರು ಆರತಿ ಒಳ್ಳೇದೇ ಮಾಡ್ತಾರೆ. ಆದ್ರೆ ನಂಗೆ ಇಷ್ಟು ವರ್ಷ ಈ ಬೆನ್ನು ನೋಡಿಯೇ ಅಭ್ಯಾಸ. ಅದು ಎದುರು ಕಾಣದಿದ್ರೆ ಆರತಿ ಆದ ಹಾಗೇ ಆಗುದಿಲ್ಲ ಮಾರಾಯ್ರೆ."

ದೇವರ ಮುಖಕ್ಕಾಗಿ ನಾನು ಹಂಬಲಿಸುತ್ತಿದ್ದೆ. ನನ್ನ ಬೆನ್ನಿಗಾಗಿಯೂ ಒಬ್ಬರು ಹಂಬಲಿಸುತ್ತಿದ್ದಾರೆಂದು ತಿಳಿದಿರಲಿಲ್ಲ. ಶಾಲು ತೆಗೆದು ಮಡಚಿದೆ. ಗರ್ಭಗುಡಿಯ ಕಡೆ ತಿರುಗಿ, ಗುಲಾಬಿಯಕ್ಕನಿಗೆ ಬೆನ್ನು ಮಾಡಿ, ಕೈಯಲ್ಲಿ ಆರತಿಯಿಲ್ಲದೆ ಸ್ವಲ್ಪ ಹೊತ್ತು ನಿಂತೆ.