ನಿಂತಲ್ಲಿಂದ ಶುರು ಮಾಡುವ ಸಾಫ್ಟ್‌ವೇರ್

ಮೆಷಿನ್ ತಂದರೆ ಆರಾಮಾಗಿ ಇರಬಹುದು ಎಂದವರನ್ನೆಲ್ಲ ಒಂದು ದಿನ ನ್ಯಾಮತಿಯ ನಮ್ಮ ಅಂಗಡಿಯಲ್ಲಿ ನಿಲ್ಲಿಸಬೇಕು. ನಾವು ಗಂಡ ಹೆಂಡತಿ ಬಾಗಿಲು, ದೇವರ ಕೋಣೆಯ ಕದ ಕೆತ್ತಿಕೊಡುವವರು. ಉಳಿ ಬಿಟ್ಟು ಸಿಎನ್‌ಸಿ ಮೆಷಿನ್ ತಂದೆವು. ಕಂಪ್ಯೂಟರಿನ ಸಾಫ್ಟ್‌ವೇರ್ ಹೇಳಿದ ಕಡೆಗೆ ಅದರ ತಲೆ ಓಡುತ್ತದೆ, ತುದಿಯ ಕಟರ್ ಮರ ಕೊರೆಯುತ್ತದೆ. ಕೆತ್ತುವುದು ಅದು, ಕಾಯುವುದು ನಾನು. ಕಾದು ಕಾದು ಸಾಕಾಗಿದೆ.

ನಮ್ಮ ಹಳೆಯ ಸಾಫ್ಟ್‌ವೇರ್ ಮಹಾ ತಕರಾರಿನದು. ಕರೆಂಟ್ ಹೋಗಿ ಬಂದರೆ ತಲೆಯನ್ನು ಮೂಲೆಗೆ ಕಳಿಸಿ, ಅಳತೆಯನ್ನು ಹೊಸದಾಗಿ ಹಿಡಿಸಿ, ಕೆತ್ತನೆ ಎಲ್ಲಿ ನಿಂತಿತ್ತೆಂದು ನಾನೇ ಹುಡುಕಿ ಹೇಳಬೇಕು. ಅಲ್ಲಿಯವರೆಗೆ ಜಪ್ಪಯ್ಯ ಅಂದರೂ ಕದಲುವುದಿಲ್ಲ. ಕರೆಂಟೋ, ಹೇಳಿ ಕೇಳಿ ಹೋಗುವುದಲ್ಲ.

ಬೇರೆ ಅಂಗಡಿಯವರದು ಹೇಗಿದೆ ನೋಡೋಣವೆಂದು ಬಸ್ಸು ಹತ್ತಿದೆ. ಹೊನ್ನಾಳಿಯವರದು ಓಟದಲ್ಲಿ ಜೋರು, ದೊಡ್ಡ ಡಿಸೈನ್ ಕೊಟ್ಟರೆ ಮಾತ್ರ ತಡವರಿಸುತ್ತಿತ್ತು. ಚನ್ನಗಿರಿಯವರದು ಮರ ಮುಟ್ಟುವ ಮೊದಲೇ ಪೂರ್ತಿ ಬಾಗಿಲನ್ನು ಪರದೆಯಲ್ಲಿ ತೋರಿಸುತ್ತಿತ್ತು. ಜಗಳೂರಿನವರು ನನ್ನೆದುರೇ ಮೇನ್ ಸ್ವಿಚ್ ಆರಿಸಿ, ಮತ್ತೆ ಹಾಕಿ, ಒಂದು ಗುಂಡಿ ಒತ್ತಿದರು. ನಿಂತಲ್ಲಿಂದಲೇ ಕೆತ್ತನೆ ಮುಂದುವರಿಯಿತು. ‘ಇಷ್ಟೇ ನೋಡ್ರಿ. ಒತ್ತಿ ಚಾ ಕುಡಿಯಾಕೆ ಹೋಗ್ರಿ’ ಎಂದರು. ಚಹಾದ ಮಾತಿಗೇ ನಾನು ಸೋತೆ.

ಅದನ್ನು ಹಾಕಿಸಿಕೊಂಡ ಮೇಲೆ ಕೆರೆಬಿಳಚಿಯ ಹೆಂಗಸೊಬ್ಬರು ಹಲಸಿನ ಹಲಗೆ ತಂದರು. ದೇವರ ಕೋಣೆಯ ಕದಕ್ಕೆ ನಡುವೆ ದೀಪ, ಸುತ್ತ ಬಳ್ಳಿ ಬೇಕಿತ್ತು. ಶಾಲೆಯಲ್ಲಿ ಕೊಟ್ಟ ಹಲಸಿನ ಸಸಿಯನ್ನು ಅವರ ಮಗಳು ಹಿತ್ತಲಲ್ಲಿ ನೆಟ್ಟಿದ್ದಳಂತೆ. ಮಗಳು ಚಿಕ್ಕವಳಿದ್ದಾಗಲೇ ಜ್ವರದಲ್ಲಿ ಹೋದಳು, ಮರ ಬೆಳೆಯಿತು. ಅದೂ ಗಾಳಿಗೆ ಬಿದ್ದು, ಕೊಯ್ಯಿಸಿದರೆ ಒಳಗೆಲ್ಲ ಟೊಳ್ಳು. ಕದಕ್ಕಾಗುವಂಥದ್ದು ಸಿಕ್ಕಿದ್ದು ಇದೊಂದೇ ಹಲಗೆ. ‘ಇದು ಹೋದ್ರೆ ಇನ್ನೊಂದಿಲ್ಲ ತಂಗಿ, ನೋಡಿ ಮಾಡ್ರಿ’ ಎಂದು ನನ್ನ ಹೆಂಡತಿಯ ಕೈ ಹಿಡಿದು ಹೇಳಿದರು.

ಕೆತ್ತನೆಗೆ ಇಟ್ಟಿದ್ದು ಸೋಮವಾರ. ಸೋಮವಾರ ಮೆಷಿನ್ನಿಗೆ ವಿಭೂತಿ ಹಚ್ಚದೆ ನನ್ನವಳು ಊಟ ಮಾಡುವುದಿಲ್ಲ. ಓಡುವ ಮೆಷಿನ್ನನ್ನು ಒರೆಸಲು ಆಗದಲ್ಲ, ಅದಕ್ಕೆ ಕರೆಂಟ್ ಹೋದ ಹೊತ್ತೇ ಅವಳ ಪೂಜೆಯ ಹೊತ್ತು. ಆಗ ಮೋಟರಿನ ಬಿಗಿ ಸಡಿಲುವುದರಿಂದ ತಲೆಯನ್ನು ಕೈಯಲ್ಲೇ ಸರಿಸಬಹುದು. ಹಳೆಯದು ಹೇಗೂ ಮೂಲೆಯಿಂದ ಅಳತೆ ಹಿಡಿಯುತ್ತಿದ್ದುದರಿಂದ ಎಷ್ಟು ಸರಿಸಿದರೂ ನಡೆಯುತ್ತಿತ್ತು.

ದೀಪದ ಅರ್ಧ ಕೆತ್ತನೆಯಾಗಿತ್ತು. ಕಟರ್ ಮೇಲೆದ್ದಿದ್ದಾಗ ಕರೆಂಟ್ ಹೋಯಿತು. ಅವಳು ತಲೆಯನ್ನು ಪಕ್ಕಕ್ಕೆ ತಳ್ಳಿ, ಹೊಟ್ಟು ಒರೆಸಿ, ವಿಭೂತಿ ಎಳೆದು ಕೈಮುಗಿದಳು. ಕರೆಂಟ್ ಬಂತು. ನಾನು ಗುಂಡಿ ಒತ್ತಿ ಚಹಾದ ಲೋಟ ಎತ್ತಿಕೊಂಡೆ. ತಲೆ ಈಗಲೂ ಹಳೆಯ ಜಾಗದಲ್ಲೇ ಇದೆ ಎಂದುಕೊಂಡ ಸಾಫ್ಟ್‌ವೇರ್ ಮೂಲೆಗೆ ಹೋಗಲಿಲ್ಲ, ಏನನ್ನೂ ಕೇಳಲಿಲ್ಲ, ತಳ್ಳಿದಲ್ಲಿಂದಲೇ ಕೆತ್ತತೊಡಗಿತು. ಸದ್ದು ಬೇರೆಯಾಯಿತೆಂದು ಓಡಿ ಹೋಗಿ ಮೆಷಿನ್ ನಿಲ್ಲಿಸುವ ಕೆಂಪು ಗುಂಡಿ ಬಡಿದೆ. ಅಷ್ಟರಲ್ಲಿ ದೀಪದ ಕುಡಿಯನ್ನು ಸೀಳಿಕೊಂಡು ಬೆರಳ ತುದಿ ಇಳಿಯುವಷ್ಟು ಆಳದ ಗೆರೆ ಬಿದ್ದಿತ್ತು.

ಫೋನು ಮಾಡಿದೆವು. ಮಧ್ಯಾಹ್ನದ ಬಸ್ಸಿಗೆ ಆಕೆ ಬಂದರು. ಯಾರು ಮೊದಲು ಮಾತಾಡುವುದೆಂದು ನಾನು ನೋಡುತ್ತಿರುವಾಗ ನನ್ನ ಹೆಂಡತಿಯೇ ಹೇಳಿದಳು: ‘ಅಕ್ಕಾ, ವಿಭೂತಿ ಹಚ್ಚಾಕೆ ಅಂತ ನಾನೇ ಸರಿಸಿದ್ದೆ. ಹಿಂಗಾಗ್ತೈತೆ ಅಂತ ಗೊತ್ತಿರಲಿಲ್ಲ.’

ಆಕೆ ಬೈಯಲಿಲ್ಲ. ಬೈದಿದ್ದರೆ ನಮಗೆ ಎಷ್ಟೋ ವಾಸಿಯಿತ್ತು. ಹಲಗೆಯ ಪಕ್ಕ ಕೂತರು. ‘ಪೂಜೆ ಮಾಡಾಕೆ ಹೋಗಿ ಆಯ್ತಾ?’ ಎಂದು ಕೇಳಿದರು. ಇವಳು ತಲೆಯಾಡಿಸಿದಳು. ‘ಆಕೀನೂ ಆ ದೇವ್ರೇ ಕರಕೊಂಡ. ಇನ್ನೇನು ಕೊಡ್ಬೇಕಂತೆ ತಂಗಿ, ಅವನಿಗೆ ನಾನು?’

ಸುಮ್ಮನಿರಲಾರದೆ ನಾನು, ಮೇಲಿನ ಪದರವನ್ನೆಲ್ಲ ತೆಗೆದು, ಗೆರೆ ಕಾಣದಂತೆ ಮತ್ತೆ ದೀಪ ಕೆತ್ತಿಕೊಡುತ್ತೇನೆ, ಹಲಗೆ ಸ್ವಲ್ಪ ತೆಳುವಾಗುತ್ತದೆ ಅಷ್ಟೇ ಎಂದೆ.

ಆಕೆ ಗೆರೆಯ ಮೇಲೆ ಅಂಗೈ ಮುಚ್ಚಿದರು.

‘ಬ್ಯಾಡ್ರಿ. ಇನ್ನು ಆಕೀನ ಕೊರೀಬ್ಯಾಡ್ರಿ.’