ಗ್ರಹಭಕ್ಷಕನ ಎಡಗಾಲು

ಟೀವಿಯ ಆ ಬಾಹ್ಯಾಕಾಶ ಧಾರಾವಾಹಿಯಲ್ಲಿ ಗ್ರಹಭಕ್ಷಕನೆಂಬ ಖಳ ನಾಲ್ಕು ಸಲ ಸತ್ತಿದ್ದ, ನಾಲ್ಕು ಸಲವೂ ಮರಳಿದ್ದ. ಐದನೆಯ ಸಲ ಅವನನ್ನು ಸೂರ್ಯನೊಳಕ್ಕೇ ತಳ್ಳಿಬಿಟ್ಟರು. ಮುಖವಾಡ ತೊಟ್ಟು ಆ ಪಾತ್ರ ಮಾಡುತ್ತಿದ್ದ ಬೀಗ ರಿಪೇರಿಯವನ ನಟನೆಯೂ ಅಲ್ಲಿಗೆ ಮುಗಿಯಿತು. ಹನ್ನೆರಡು ವರ್ಷ ಅವನ ಮುಖ ಯಾರಿಗೂ ಕಂಡಿರಲಿಲ್ಲ; ದನಿಯೂ ಬೇರೆಯವರದು. ಅವನದೆನ್ನಲು ಇದ್ದದ್ದು ನಡಿಗೆಯೊಂದೇ: ಎಡಗಾಲು ಎಳೆದು, ಒಂದು ಕ್ಷಣ ತಡೆದು, ಧಪ್ಪೆಂದು ಇಡುವುದು. ಅದನ್ನು ಕಂಡರೆ ಮಕ್ಕಳು ಮಂಚದಡಿ ಸೇರುತ್ತಿದ್ದವು.

ಅದೇನು ಮಹಾ ಅಭಿನಯವಲ್ಲ ಬಿಡಿ. ಮೊದಲ ದಿನ ಕೊಟ್ಟ ಎಡಗಾಲಿನ ಬೂಟು ಒಂದು ಅಳತೆ ಚಿಕ್ಕದಿತ್ತು. ಹೇಳಿದರೆ ಪಾತ್ರ ಕೈತಪ್ಪೀತೆಂದು ಪುಣ್ಯಾತ್ಮ ಬಾಯಿಬಿಡಲಿಲ್ಲ. "ಆಹಾ, ಏನ್ ನಡಿಗೆ!" ಎಂದ ನಿರ್ದೇಶಕ. ಆಮೇಲೆ ಬಾಯಿಬಿಡುವುದಾದರೂ ಹೇಗೆ? ಬರಬರುತ್ತ ಬೀದಿಯಲ್ಲೂ ಹಾಗೇ ನಡೆಯತೊಡಗಿದ; ಸೊಂಟನೋವೂ ಹತ್ತಿಕೊಂಡಿತು.

ಖಳ ಸೂರ್ಯನೊಳಕ್ಕೆ ಬಿದ್ದ ಮಾರನೆಯ ದಿನವೇ ಹೆಂಡತಿ ಅವನನ್ನು ತಾರಸಿಗೆ ಹತ್ತಿಸಿದಳು. "ನೆಟ್ಟಗೆ ನಡೀರಿ. ಕಾಲು ಎತ್ತಿ. ಎಳೀಬೇಡಿ ಅಂದೆನಲ್ಲ!" ಒಂಬತ್ತು ವರ್ಷ, ದಿನಾ ಬೆಳಿಗ್ಗೆ, ಹಿಂದೆಯೇ ನಡೆದು ತಿದ್ದಿದಳು. ಕಾಲು ನೆಟ್ಟಗಾಯಿತು.

ಆಗ ಬಂತು ನೋಡಿ ಫೋನು: ಗ್ರಹಭಕ್ಷಕ ಮರಳುತ್ತಿದ್ದಾನೆ, ಸೋಮವಾರ ಪರೀಕ್ಷೆ, ಅದೇ ನಡಿಗೆ ಬೇಕು.

ಅವನು ತನ್ನ ಬೀಗದ ಅಂಗಡಿಯೊಳಗೆ ನಡೆದು ನೋಡಿದ. ಊಹೂಂ. ಜೋಮು ಹಿಡಿದವನ ಹಾಗೆ ಕುಂಟಿದ, ಅಷ್ಟೆ.

"ಎಲ್ಲಾ ನಿನ್ನಿಂದ್ಲೇ!" ಎಂದು ಹೆಂಡತಿಯ ಮೇಲೆ ಹರಿಹಾಯ್ದ. "ಆ ನಡಿಗೆ ಬಿಟ್ರೆ ನಾನ್ಯಾರು ಹೇಳು? ಬರೀ ಬೀಗದವನು!"

"ಓಹೋ! ಸೊಂಟ ಹಿಡ್ಕೊಂಡು ನರಳ್ತಿದ್ದಾಗ ಮಾತ್ರ ನಾನು ಬೇಕಿತ್ತೇನೋ!"

ಸೋಮವಾರ ನೋವಿನ ಎಣ್ಣೆಯ ಬಾಟಲಿ ಹಿಡಿದು ಅವಳೂ ಸ್ಟುಡಿಯೋಕ್ಕೆ ಹೋದಳು. ಕಾರಿಡಾರಿನಲ್ಲಿ ಅವನ ಕುಂಟಾಟ ನೋಡಿ ಅವಳಿಗೆ ತಡೆಯಲಾಗಲಿಲ್ಲ. "ಅಯ್ಯೋ, ಹಾಗಲ್ಲರೀ! ಎಳೀರಿ, ತಡೀರಿ, ಆಮೇಲೆ ಇಡಿ. ಹೀಗೆ." ತಾನೇ ನಡೆದು ತೋರಿಸಿದಳು. ಧಪ್! ಎದುರು ಬರುತ್ತಿದ್ದ ಸೆಟ್ಟಿನ ದೀಪದವನು ಗೋಡೆಗೆ ಅಂಟಿಕೊಂಡ. ಬಾಗಿಲಲ್ಲಿ ನಿಂತಿದ್ದ ನಿರ್ದೇಶಕ, "ಎತ್ತರ ಇಬ್ಬರದೂ ಒಂದೇ ಅಲ್ವಾ?" ಎಂದ.

ವೇಷ ಹಾಕಲು ಅವಳು ಸುತರಾಂ ಒಲ್ಲೆ ಎಂದಳು. ಗಂಡನ ಮುಖ ಹುಳ್ಳಗಾಗಿತ್ತು. ಆದರೂ ಮುಖವಾಡವನ್ನು ತಾನೇ ಅವಳ ತಲೆಗೆ ತೊಡಿಸಿ, "ಒಳಗೆ ಸೆಕೆ ಜಾಸ್ತಿ, ನಿಧಾನಕ್ಕೆ ಉಸಿರಾಡು," ಎಂದ.

ಪ್ರಸಾರದ ಸಂಜೆ ನೆರೆಹೊರೆಯವರೆಲ್ಲ ಅವರ ಮನೆಯಲ್ಲೇ ಠಿಕಾಣಿ ಹೂಡಿದರು. ತೆರೆಯ ಮೇಲೆ ಗ್ರಹಭಕ್ಷಕ ಸೂರ್ಯನಿಂದೆದ್ದು ಬಂದ. ಎಳೆದ, ತಡೆದ, ಧಪ್!

"ಯಜಮಾನ್ರೇ, ಅದೇ ಕಾಲು, ಅದೇ ಗತ್ತು! ಒಂಚೂರೂ ಮಾಸಿಲ್ಲ!" ಎಂದು ಎದುರುಮನೆಯ ದರ್ಜಿ ಅವನ ಬೆನ್ನು ತಟ್ಟಿದ.

ಹೆಂಡತಿ ಚಹಾ ತಟ್ಟೆ ಹಿಡಿದು ಬಂದಳು. ಅವನು ಹೂಂ ಎಂದಿದ್ದರೆ ಮುಗಿದುಹೋಗುತ್ತಿತ್ತು. ಹೂಂ ಅನ್ನಬೇಕೆಂದು ಅವನಿಗೆ ಆಸೆಯೂ ಇತ್ತು, ಸುಳ್ಳೇಕೆ?

"ಅದು ನಾನಲ್ಲ, ಇವಳು," ಎಂದ.

ಎಲ್ಲರೂ ಬಿದ್ದು ಬಿದ್ದು ನಕ್ಕರು. ದರ್ಜಿಯಂತೂ ಕಣ್ಣೊರೆಸಿಕೊಂಡ.

ಅವಳು ತಟ್ಟೆಯನ್ನು ಗಂಡನ ಕೈಗಿತ್ತು ಅಡುಗೆಮನೆಯತ್ತ ಹೊರಟಳು. ಎಡಗಾಲು ಎಳೆದಳು. ತಡೆದಳು. ಧಪ್! ನಗು ಗಪ್ಪನೆ ನಿಂತಿತು. ದರ್ಜಿ ಎರಡೂ ಕಾಲನ್ನು ಕುರ್ಚಿಯ ಮೇಲೆ ಎಳೆದುಕೊಂಡ.

"ಇಪ್ಪತ್ತೊಂದು ವರ್ಷ ಇವರ ಹಿಂದೆ ಹಿಂದೆ ನಡೆದು ಕಲ್ತಿದ್ದು," ಎಂದಳು ಬಾಗಿಲಲ್ಲಿ ತಿರುಗಿ ನಿಂತು.

ಬೀಗದವನು ಎದೆಯುಬ್ಬಿಸಿ ತಟ್ಟೆ ಮುಂದೆ ಹಿಡಿದ. "ತಗೊಳ್ರಪ್ಪಾ, ಚಹಾ ಆರಿಹೋಗತ್ತೆ."